ಮುರಿಗೆಪ್ಪನಿಗೆ ಸಿಕ್ಕ ತಪ್ಪು

ನಿರ್ವಾಣಯ್ಯ ಅಜ್ಜನವರು ದೊಡ್ಡ ಆಸ್ಪತ್ರೆಯ ಕೆಲಸ ಬಿಟ್ಟು ಹೊಳೆದಂಡೆಯ ಮಠಕ್ಕೆ ಬಂದವರು. ಬರುವಾಗ ತಂದದ್ದು ಒಂದು ಸೂಕ್ಷ್ಮದರ್ಶಕ ಮಾತ್ರ.

ಯಕೃತ್ತಿನಲ್ಲಿ ಕ್ಯಾನ್ಸರ್ ಗಂಟು ಬೆಳೆದರೆ ಅದರ ಕಣ ಒಂದೊಂದು ಕಳಚಿಕೊಂಡು ರಕ್ತದಲ್ಲಿ ಅಲೆಯುತ್ತದೆ. ಲಕ್ಷ ಕಣಗಳ ನಡುವೆ ಅದನ್ನು ಹುಡುಕುವುದನ್ನು ಅವರು ಮಠದ ಇಬ್ಬರು ಶಿಷ್ಯರಿಗೆ ಕಲಿಸಿದ್ದರು. ಮುರಿಗೆಪ್ಪ ಬಂದು ಒಂಬತ್ತು ವರ್ಷವಾಗಿತ್ತು. ನೀಲವ್ವ ಹೋದ ವರ್ಷವಷ್ಟೇ ಬಂದವಳು.

ಆದರೂ ರಕ್ತ ಸವರಿದ ಗಾಜಿನ ಪಟ್ಟಿಗಳು ಮೊದಲು ನೀಲವ್ವನ ಕೈಗೇ ಹೋಗುತ್ತಿದ್ದವು. ಮುರಿಗೆಪ್ಪನಿಗೆ ಹೊಟ್ಟೆಕಿಚ್ಚು. ಅವಳು ಸೀನಿದರೂ ಅವನಿಗೆ ಆಗುತ್ತಿರಲಿಲ್ಲ.

ಒಂದಾದರೂ ತಪ್ಪು ಸಿಕ್ಕೀತೆಂದು, ಅವಳು ನೋಡಿಟ್ಟ ಪಟ್ಟಿಗಳನ್ನೆಲ್ಲ ದಿನಾ ಕದ್ದು ನೋಡುತ್ತಿದ್ದ.

ಒಂದು ಬೆಳಿಗ್ಗೆ ಸಿಕ್ಕೇಬಿಟ್ಟಿತು. ಯಂಕಪ್ಪನೆಂಬ ರೋಗಿಯ ಪಟ್ಟಿ. ಅವಳು ‘ಏನೂ ಇಲ್ಲ’ ಎಂದು ಬರೆದಿದ್ದಳು. ಮೂಲೆಯಲ್ಲಿ ದೊಡ್ಡದೊಂದು ಬೇರೆಯೇ ಕಣ ಕೂತಿತ್ತು. ಮುರಿಗೆಪ್ಪನಿಗೆ ಕುಣಿಯುವಷ್ಟು ಖುಷಿಯಾಯಿತು.

ಆಗಲೇ ಹೇಳಲಿಲ್ಲ. ಮಧ್ಯಾಹ್ನ ಎಲ್ಲರೂ ಪಂಕ್ತಿಯಲ್ಲಿ ಕೂರುವವರೆಗೂ ಕಾದ.

“ಅಜ್ಜಾರ, ಯಂಕಪ್ಪನ ರಕ್ತದಾಗ ಕಣ ಐತ್ರಿ. ನೀಲವ್ವಗ ಕಾಣಲಿಲ್ಲ, ನನಗ ಕಂಡತು!”

ಹೇಳುವಾಗ ಅವನ ಮುಖದ ತುಂಬ ನಗು.

ನೀಲವ್ವ ಅರ್ಧ ಊಟದಲ್ಲೇ ಎದ್ದಳು. “ಅಯ್ಯ, ಯಂಕಪ್ಪಣ್ಣಂದಾ? ಏನೂ ಇಲ್ಲ, ಊರಿಗೆ ಹೋಗು ಅಂತ ನಾನ ಹೇಳೀನಲ್ರಿ. ತಪ್ಪಾತು, ಅಜ್ಜಾರ.”

ಅವಳು ತಪ್ಪೊಪ್ಪಿಕೊಂಡದ್ದನ್ನೂ ಮುರಿಗೆಪ್ಪನಿಗೆ ಸಹಿಸಲಾಗಲಿಲ್ಲ. ಇದರಲ್ಲೂ ಅವಳೇ ದೊಡ್ಡವಳಾದಳಲ್ಲ!

ಅಜ್ಜನವರು ಕೈ ತೊಳೆದು ಹೋಗಿ ಪಟ್ಟಿಯನ್ನು ತಾವೇ ನೋಡಿದರು. ಬಹಳ ಹೊತ್ತು ನೋಡಿದರು.

“ಖರೆ ಐತಿ. ಇನ್ನೂ ತಪಾಸಣಿ ಆಗಬೇಕು. ಯಾವಾಗ ಕಂಡಿ?”

“ಮುಂಜಾನೇರಿ.”

“ಆಗ ಯಂಕಪ್ಪ ಎಲ್ಲಿದ್ದ?”

“ಇಲ್ಲೇ... ದೋಣಿ ಕಾಯಕೋಂತ ಕಟ್ಟಿ ಮ್ಯಾಲ ಕುಂತಿದ್ದರಿ.”

“ಈಗ?”

“ಹೊಳಿ ದಾಟಿ ಹ್ವಾದ್ರಿ.”

ನೀಲವ್ವ ಆಗಲೇ ಬಾಗಿಲಲ್ಲಿದ್ದಳು. “ನಾ ಹೋಗಿ ಕರಕೊಂಡು ಬರತೀನ್ರಿ.”

“ನೀ ಕುಂದ್ರವ್ವ” ಎಂದರು ಅಜ್ಜನವರು. ಆಮೇಲೆ ಮುರಿಗೆಪ್ಪನ ಕಡೆ ತಿರುಗಿದರು.

“ನೀ ಹೋಗಪಾ. ರೋಗ ಇಲ್ಲಂತ ಅವನ ಮನ್ಯಾಗ ಇವತ್ತ ಸಿಹಿ ಮಾಡಿರತಾರ. ನಮ್ಮ ಮುಂದ ಹ್ಯಾಂಗ ನಕ್ಕೋಂತ ಹೇಳಿದ್ಯೋ, ಅವರ ಮುಂದೂ ಹಂಗ ನಕ್ಕೋಂತ ಹೇಳಿ ಬಾ.”