ಉಡದ ಪಟ್ಟು, ಕೇರೆಯ ಪೊರೆ

ಕಥೆ ಹೇಳಿ ಅಭ್ಯಾಸವಿಲ್ಲ, ತಪ್ಪಿದರೆ ಮನ್ನಿಸಿ. ಹುತ್ತದ ಬಯಲಿನ ಕಬಡ್ಡಿ ತಂಡಕ್ಕೆ ಉಡ ನಾಯಕ. ಪ್ರತಿ ಆಟ ಗೆಲ್ಲಿಸುತ್ತಿದ್ದುದು ಕೇರೆಹಾವು. ಅದು ಮುಂಗುಸಿಗಳ ತಂಡ ಸೇರಿದರೆ ಗತಿಯೇನೆಂದು ಉಡಕ್ಕೆ ದಿಗಿಲು.

"ಏಳು ವರ್ಷ ನಮ್ಮಲ್ಲೇ ಇರು," ಎಂದು ಅದರ ಮೈಯನ್ನೇ ಹಿಡಿಯಿತು. ಉಡದ ಪಟ್ಟು ಗೊತ್ತಲ್ಲ, ಹಿಡಿದರೆ ಬಿಡುವುದಿಲ್ಲ.

"ಒಂದು ವರ್ಷ ಸಾಕು ಕಣಯ್ಯ. ಅವನ ಕಣ್ಣು ಮಂಜಾಗಿದೆ, ಪೊರೆ ಬಿಡುವ ಕಾಲ, ನೋಡು," ಎಂದಿತು ಮುದಿ ಆಮೆ.

"ನಿನಗೆ ಹೊಟ್ಟೆಕಿಚ್ಚು!" ಎಂದಿತು ಉಡ.

ಕೇರೆ ನಕ್ಕಿತು. "ಹಿಡಿದುಕೋ ಅಣ್ಣ. ಹಿಡಿದದ್ದೆಲ್ಲ ನಿನ್ನದೇ."

ಆಟದ ದಿನ ಕೇರೆ ಎಲ್ಲಿಗೋ ಜಾರಿಹೋಗಿತ್ತು. ಉಡದ ಹಿಡಿಯಲ್ಲಿ ಉಳಿದದ್ದು ಬರೀ ಪೊರೆ. ಗಾಳಿಯಿಲ್ಲದಿದ್ದರೂ ಪೊರೆ ಎದ್ದು ನಿಂತು, ಉಸಿರೇ ಇಲ್ಲದೆ "ಕಬಡ್ಡಿ, ಕಬಡ್ಡಿ" ಎಂದಿತು. ಉಡ ಹಿಡಿ ಸಡಿಲಿಸಲು ನೋಡಿತು, ಆದರೆ ಬಿಡಲು ಬರಲಿಲ್ಲ.

"ಏಳು ವರ್ಷ ಅಲ್ಲವೇ, ಅಣ್ಣ?" ಎಂದಿತು ಪೊರೆ.

ಅಂದರೆ, ಉಡ ಹಿಡಿದದ್ದು ಆಗಲೇ ಮುಗಿದುಹೋದ ಆಟಗಾರನನ್ನು. ಇದನ್ನು ಇನ್ನೂ ಬಿಡಿಸಿ ಹೇಳಬೇಕೆಂದರೆ... ಅಗೋ, ಅಮ್ಮ ಕರೆಯುತ್ತಿದ್ದಾಳೆ. ಬಂದೆನಮ್ಮಾ, ಬಂದೆ!