ದಿನಕ್ಕೊಂದು ಚಿಟಿಕೆ

"ಉಸ್ತಾದ್ರೇ, ಕಾಯಿಲೆ ಬಂದ ಮೇಲೆ ಕೊಡೋ ಮದ್ದನ್ನು ಕಾಯಿಲೆ ಬರೋಕೆ ಮುಂಚೇನೇ ಕೊಟ್ಟರೆ ತಪ್ಪೇನು?"

ಗರಡಿಯ ಜಗಲಿಯ ಮೇಲೆ ಕೂತು ಪುಟ್ಟಮಾದ ಹೀಗೆ ಕೇಳಿದ. ಕುಸ್ತಿ ಬಿಟ್ಟು ಕೋಳಿ ಸಾಕಣೆಗೆ ಇಳಿದಿದ್ದ ಶಿಷ್ಯ ಅವನು. ಊರಾಚೆ ಹೊಸ ಷೆಡ್ಡು ಕಟ್ಟಿದ್ದ. ಮರುದಿನ ಬೆಳಿಗ್ಗೆ ಮೊದಲ ಮರಿಗಳು ಬರುವುದಿತ್ತು. ಮದ್ದಿನ ಅಂಗಡಿಯವನು ಒಂದು ಡಬ್ಬಿ ಆ್ಯಂಟಿಬಯೋಟಿಕ್ ಪುಡಿ ಕೊಟ್ಟು, ಮೊದಲ ದಿನದಿಂದಲೇ ನೀರಿಗೆ ಚಿಟಿಕೆ ಚಿಟಿಕೆ ಹಾಕುತ್ತಾ ಬಾ, ಕಾಯಿಲೆ ನಿನ್ನ ಷೆಡ್ಡಿನ ಕಡೆ ತಲೆ ಹಾಕಿಯೂ ಮಲಗುವುದಿಲ್ಲ ಎಂದಿದ್ದ. ಸುತ್ತಮುತ್ತಲ ಷೆಡ್ಡಿನವರೂ ಹಾಗೆಯೇ ಮಾಡುತ್ತಿದ್ದರು. ಪುಟ್ಟಮಾದನಿಗೂ ಹಾಕುವ ಮನಸ್ಸು. ಆದರೆ ಹೆಣ್ಣು ನೋಡಲು ಹೋಗುವಾಗಲೂ ಉಸ್ತಾದರನ್ನು ಕೇಳಿಯೇ ಹೋದವನು ಅವನು. ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕಾದು ಕೂತ.

ಉಸ್ತಾದ್ ಬೆಟ್ಟಯ್ಯ ಓದಿದವರಲ್ಲ, ಹೆಬ್ಬೆಟ್ಟು. ಆದರೂ ಅವರಿಗೆ ಗೊತ್ತಿಲ್ಲದ ಸಂಗತಿ ಭೂಮಿಯ ಮೇಲೆ ಯಾವುದೂ ಇರಲಿಲ್ಲ. ಹಾಗೆಂದು ಅವರೇ ಹೇಳುತ್ತಿದ್ದರು. ಹರೆಯದಲ್ಲಿ ಅವರು ಒಂದು ಆನೆಯನ್ನು ಕಾಲು ಕೊಟ್ಟು ಕೆಡವಿದ್ದರು. ಆ ಆನೆ ಈಗಲೂ ಅವರ ಹೆಸರು ಕೇಳಿದರೆ ಸೊಂಡಿಲನ್ನು ಬಾಯೊಳಗೆ ಇಟ್ಟುಕೊಳ್ಳುತ್ತದೆ. ಅದಕ್ಕೂ ಅವರೇ ಸಾಕ್ಷಿ.

ಆದರೆ ಕುಸ್ತಿಯ ವಿಷಯದಲ್ಲಿ ಅವರ ಮಾತಿಗೆ ಎದುರಿರಲಿಲ್ಲ. ದೊಡ್ಡ ಕುಸ್ತಿ ನಿಗದಿಯಾಯಿತೆಂದರೆ ಗರಡಿಯ ಬಾಗಿಲು ಹಾಕಿಸಿಬಿಡುತ್ತಿದ್ದರು. ಕಿಟಕಿಗೆ ಗೋಣಿ ಕಟ್ಟಿಸುತ್ತಿದ್ದರು. ಗೆಲ್ಲುವ ಪಟ್ಟು ಎದುರಾಳಿಯ ಕಡೆಯವರ ಕಣ್ಣಿಗೆ ಬೀಳಬಾರದು. ಪುಟ್ಟಮಾದನ ದೊಡ್ಡ ಕುಸ್ತಿಗೆ ಮೊದಲು ಉಸ್ತಾದರ ಸ್ವಂತ ಬೀಗರೇ ಬಂದು ಬಾಗಿಲು ಬಡಿದರು. ಎದುರಾಳಿ ಬೀಗರ ಊರಿನವನು. ಉಸ್ತಾದರು ಬಾಗಿಲು ತೆಗೆಯಲಿಲ್ಲ. ಬೀಗರು ಬಿಸಿಲಲ್ಲಿ ಕೂತು, ಬೈದು, ಎದ್ದು ಹೋದರು. ಪುಟ್ಟಮಾದ ಆ ಪಟ್ಟಿನಿಂದಲೇ ಗೆದ್ದು ಬೆಳ್ಳಿ ಗದೆ ತಂದ. ಗದೆ ಈಗಲೂ ಗರಡಿಯ ಗೋಡೆಯ ಮೇಲಿತ್ತು.

"ಒಂದು ಕತೆ ಹೇಳ್ತೀನಿ ಕೇಳು ಮಗ," ಎಂದು ಉಸ್ತಾದರು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಾ ಶುರುಮಾಡಿದರು. "ಸುಳ್ಳು ಅನ್ನಿಸಿದ ಕಡೆ ಕೈ ಎತ್ತು."

ಎತ್ತಿದರೆ ಇಳಿಸಲು ಪುರಸೊತ್ತು ಸಿಗುವುದಿಲ್ಲ ಎಂದು ಪುಟ್ಟಮಾದನಿಗೆ ಗೊತ್ತಿತ್ತು. ಸುಮ್ಮನೆ ತಲೆಯಾಡಿಸಿದ.

ಒಬ್ಬ ರೈತನಿದ್ದ. ಕೋಳಿ ಸಾಕುತ್ತಿದ್ದ. ಅವನ ಷೆಡ್ಡು ಎಷ್ಟು ಉದ್ದವೆಂದರೆ, ಈ ತುದಿಯಲ್ಲಿ ಹುಂಜ ಬೆಳಗಾಯಿತೆಂದು ಕೂಗಿದರೆ ಆ ತುದಿಯ ಕೋಳಿಗಳಿಗೆ ಅದು ಕೇಳಿಸುವಾಗ ಮಧ್ಯಾಹ್ನವಾಗಿರುತ್ತಿತ್ತು. ರೈತ ಒಳ್ಳೆಯ ಕೆಲಸಗಾರ. ನೆಲಕ್ಕೆ ಹಾಸಿದ ಭತ್ತದ ಹೊಟ್ಟನ್ನು ದಿನವೂ ಕೆದಕಿ ಒಣಗಿಸುತ್ತಿದ್ದ. ಸುಣ್ಣ ಚೆಲ್ಲುತ್ತಿದ್ದ. ಹೊರಗಿನ ಚಪ್ಪಲಿಯನ್ನು ಒಳಗೆ ಬಿಡುತ್ತಿರಲಿಲ್ಲ. ಅದರಲ್ಲೇ ಅವನಿಗೆ ಸುಖವಿತ್ತು.

ಒಂದು ಚಳಿಗಾಲ ಕೋಳಿಗಳಿಗೆ ಕಾಯಿಲೆ ಬಿತ್ತು. ರೆಕ್ಕೆ ಜೋತುಬಿಟ್ಟು ಮೂಲೆ ಸೇರಿದವು. ಆಗ ಒಬ್ಬ ವ್ಯಾಪಾರಿ ಒಂದು ಪುಡಿ ತಂದುಕೊಟ್ಟ. ನೀರಿಗೆ ಹಾಕಿದರು. ನೀರು ಗಂಟಲಿಳಿಯುವ ಮೊದಲೇ ಕೋಳಿಗಳು ಎದ್ದು ನಿಂತವು. ಸತ್ತಿದೆ ಎಂದು ಹೊರಗೆ ಎಸೆದಿದ್ದ ಒಂದು ಹೇಟೆ ಮದ್ದಿನ ವಾಸನೆಗೇ ಎದ್ದು ಬಂದು ಮೊಟ್ಟೆಯಿಟ್ಟು ಹೋಯಿತು. ರೈತ ಕೈ ಮುಗಿದು ಡಬ್ಬಿಯನ್ನು ದೇವರ ಗೂಡಿನಲ್ಲಿಟ್ಟ. ಅದಕ್ಕೂ ಒಂದು ಹೂ ಏರಿಸಿದ.

ಮುಂದಿನ ಮರಿಗಳು ಬಂದವು. ರೈತ ಯೋಚಿಸಿದ. ಕಾಯಿಲೆ ಬಂದ ಮೇಲೆ ಓಡಾಡುವುದು ಯಾಕೆ? ಇಂಥ ಮದ್ದು ಮನೆಯಲ್ಲೇ ಇರುವಾಗ ಈಗಿನಿಂದಲೇ ಚೂರು ಚೂರು ಹಾಕಿದರಾಯಿತು. ದಿನಕ್ಕೊಂದು ಚಿಟಿಕೆ ಟ್ಯಾಂಕಿಗೆ ಉದುರಿಸತೊಡಗಿದ.

ಅವನ ಹೆಂಡತಿ ನೀರಿನ ಕೊಡ ಇಳಿಸಿ ಕೇಳಿದಳು. "ಅಲ್ಲಾ, ಇವಕ್ಕೆ ಏನಾಗಿದೆ ಅಂತ ಮದ್ದು ಹಾಕ್ತಿದ್ದೀರಿ?"

"ಏನೂ ಆಗ್ಬಾರ್ದು ಅಂತ ಕಣೆ," ಎಂದ ರೈತ.

ಏನೂ ಆಗಲಿಲ್ಲ. ಮರಿಗಳು ದುಂಡಗಾದವು. ರೈತನೂ ದುಂಡಗಾದ. ಹೊಟ್ಟು ಕೆದಕುವುದನ್ನು ಬಿಟ್ಟ, ಮದ್ದಿದೆಯಲ್ಲ. ಸುಣ್ಣ ಚೆಲ್ಲುವುದನ್ನು ಬಿಟ್ಟ, ಮದ್ದಿದೆಯಲ್ಲ. ಒಂದು ಕೋಳಿ ಕೂರುವ ಜಾಗದಲ್ಲಿ ಮೂರನ್ನು ತುಂಬಿದ. ನಡುವಿನ ಕೋಳಿ ರೆಕ್ಕೆ ಬಿಚ್ಚಬೇಕಾದರೆ ಅಕ್ಕಪಕ್ಕದವರ ಅಪ್ಪಣೆ ಕೇಳಬೇಕಿತ್ತು. ಚಪ್ಪಲಿ ಹಾಕಿಕೊಂಡೇ ಒಳಗೆ ಓಡಾಡಿದ. ಊಟವಾದ ಮೇಲೆ ಚಾಪೆ ಹಾಕಿ ಮಲಗಿದರೆ ಅವನ ಗೊರಕೆಗೆ ಹೆಂಚು ಏಳುತ್ತಿತ್ತು, ಬೀಳುತ್ತಿತ್ತು. ಕೋಳಿ ಸಾಕಿದರೆ ಹೀಗೆ ಸಾಕಬೇಕು ಎಂದು ಬಂದವರಿಗೆಲ್ಲ ಹೇಳುತ್ತಿದ್ದ.

ಆ ಹೊತ್ತಿಗೆ ಷೆಡ್ಡಿನೊಳಗೆ ಬೇರೆಯೇ ಕೆಲಸ ನಡೆದಿತ್ತು. ಮದ್ದು ಬಿದ್ದ ಮೊದಲ ದಿನ ರೋಗದ ಕ್ರಿಮಿಗಳಲ್ಲಿ ಬಡಕಲಾದವೆಲ್ಲ ಸತ್ತವು. ಒಂದೆರಡು ಗಟ್ಟಿಪಿಂಡಗಳು ತತ್ತರಿಸಿ ಬಿದ್ದು, ಚಿಟಿಕೆ ಮದ್ದು ಸಾಲದೆ, ಎದ್ದು ಕೂತವು. ಅವಕ್ಕೆ ಮಕ್ಕಳಾದವು. ಎಲೆ ಅಡಿಕೆ ಜಗಿದು ಉಗುಳುವಷ್ಟರಲ್ಲಿ ಮರಿಮಕ್ಕಳನ್ನು ಕಾಣುವ ಜಾತಿ ಅದು. ಅಪ್ಪನ ಹಾಗೆ ಮಕ್ಕಳೂ ಗಟ್ಟಿ. ಮರುದಿನ ಮತ್ತೊಂದು ಚಿಟಿಕೆ. ಅದರಲ್ಲಿ ಉಳಿದವು ಇನ್ನೂ ಗಟ್ಟಿ. ಬರಬರುತ್ತಾ ಟ್ಯಾಂಕಿಗೆ ಮದ್ದು ಬೀಳುವ ಸದ್ದು ಕೇಳಿದರೆ ಅವು ಓಡುತ್ತಿರಲಿಲ್ಲ. ಹೆಗಲಿಗೆ ಟವೆಲು ಹಾಕಿಕೊಂಡು ಸ್ನಾನಕ್ಕೆ ಸಾಲು ನಿಲ್ಲುತ್ತಿದ್ದವು.

ಕಣ್ಣಿಗೆ ಕಾಣದ ಈ ಕ್ರಿಮಿಗಳನ್ನು ಉಸ್ತಾದರು ಕಣ್ಣಾರೆ ಕಂಡಿದ್ದರಂತೆ. ಮೀಸೆ ಇದ್ದವಂತೆ. ಪುಟ್ಟಮಾದನ ಕೈ ಅರ್ಧಕ್ಕೆ ಎದ್ದಿತು. ಉಸ್ತಾದರು ನೋಡಿದರು. ಕೈ ತಾನಾಗಿಯೇ ತಲೆ ಕೆರೆದುಕೊಂಡು ಕೆಳಗಿಳಿಯಿತು.

ಮತ್ತೆ ಚಳಿಗಾಲ ಬಂತು. ಅದೇ ಕಾಯಿಲೆ ಬಿತ್ತು. ರೈತ ಗಾಬರಿಯಾಗಲಿಲ್ಲ. ಚಿಟಿಕೆಯ ಬದಲು ಹಿಡಿ ತುಂಬ ಹಾಕಿದ. ಕೋಳಿಗಳು ಮಜ್ಜಿಗೆ ಕುಡಿದಂತೆ ಕುಡಿದು ಹಾಗೆಯೇ ಒರಗಿದವು. ಡಬ್ಬಿಯನ್ನೇ ಬೋರಲು ಹಾಕಿದ. ಸಾಲು ಸಾಲಾಗಿ ಬಿದ್ದವು. ರೈತ ವ್ಯಾಪಾರಿಯ ಅಂಗಡಿಗೆ ಓಡಿಹೋಗಿ, ಇದು ನಕಲಿ ಮದ್ದು ಎಂದು ಕೂಗಾಡಿದ. ವ್ಯಾಪಾರಿ ಡಬ್ಬಿಯನ್ನು ತಿರುಗಿಸಿ ನೋಡಿ, ಅದೇ ಮದ್ದು ಕಣಪ್ಪ, ಅವತ್ತಿನದೇ, ಒಂದು ಕಾಳು ಹೆಚ್ಚಿಲ್ಲ ಕಡಿಮೆಯಿಲ್ಲ ಎಂದ. ಅವನು ಹೇಳಿದ್ದು ನಿಜವೇ ಆಗಿತ್ತು.

ರೈತನ ಹೆಂಡತಿ ಸತ್ತ ಕೋಳಿಗಳನ್ನು ಬುಟ್ಟಿಗೆ ತುಂಬುತ್ತಿದ್ದಳು. ಇನ್ನೂ ಜೀವವಿದ್ದ ಒಂದು ಕೋಳಿ ಒದ್ದಾಡಿ ಅವಳ ಅಂಗೈಯನ್ನು ಗೀರಿತು. ಸಣ್ಣ ಗೀರು. ಅರಿಶಿನ ಮೆತ್ತಿ ಕೆಲಸ ಮುಂದುವರಿಸಿದಳು. ಆ ಗೀರು ಕೀವಾಯಿತು. ಕೈ ಕುಂಬಳಕಾಯಿಯಾಯಿತು. ಜ್ವರ ತಲೆಗೇರಿತು. ರೈತ ಅವಳನ್ನು ಗಾಡಿಯಲ್ಲಿ ಮಲಗಿಸಿಕೊಂಡು ದೊಡ್ಡಾಸ್ಪತ್ರೆಗೆ ಹೋದ. ಡಾಕ್ಟರು ಸೂಜಿ ಚುಚ್ಚಿದರು, ಮಾತ್ರೆ ಕೊಟ್ಟರು. ಜ್ವರ ಇಳಿಯಲಿಲ್ಲ. ಹೆಂಡತಿ ಗಂಡನ ಗುರುತೂ ಹಿಡಿಯದಂತಾದಳು.

ಡಾಕ್ಟರು ಕೀವನ್ನು ಪರೀಕ್ಷೆಗೆ ಕಳಿಸಿದರು. ಆಮೇಲೆ ರೈತನನ್ನು ಕರೆದು ಕೇಳಿದರು. "ಈ ಮದ್ದನ್ನ ನಿಮ್ಮ ಮನೆಯವರು ಹಿಂದೆ ತುಂಬಾ ತಗೊಂಡಿದ್ರಾ? ಇವರ ಗಾಯದ ಕ್ರಿಮಿ ಇದಕ್ಕೆ ಕ್ಯಾರೇ ಅಂತಿಲ್ಲ."

"ಇಲ್ಲ ಸಾಮಿ. ತಲೆನೋವಿಗೂ ಒಂದು ಮಾತ್ರೆ ನುಂಗಿದೋಳಲ್ಲ."

"ಮನೇಲಿ ಏನು ಕಸುಬು?"

"ಕೋಳಿ."

"ಕೋಳಿಗೆ ಏನು ಮದ್ದು ಹಾಕ್ತೀರಿ?"

ರೈತ ಹೆಸರು ಹೇಳಿದ. ಮನುಷ್ಯರಿಗೆ ಕೊಡುವ ಮದ್ದೂ ಅದರ ಒಡಹುಟ್ಟಿದ್ದೇ. ಬೇರೊಂದು ಮದ್ದು ಉಳಿದಿತ್ತು, ಆ ಕ್ರಿಮಿ ಇನ್ನೂ ಮುಖ ನೋಡಿರದ ಮದ್ದು. ಅದನ್ನು ಕೊಟ್ಟರು. ರೈತ ಮಂಚದ ಕಾಲು ಹಿಡಿದು ಕೂತ. ಮೂರು ಊರಿನ ದೇವರುಗಳಿಗೆ ಹರಕೆ ಹೊತ್ತ, ಹೆಸರು ಗೊತ್ತಿಲ್ಲದ ದೇವರುಗಳನ್ನೂ ಬಿಡಲಿಲ್ಲ. ಜ್ವರ ಮೆಲ್ಲಗೆ ಇಳಿಯಿತು. ಹೆಂಡತಿ ಕಣ್ಣು ಬಿಟ್ಟಳು. ಗಂಜಿ ಕೇಳಿದಳು. ಕುಡಿದು ಮೂತಿ ಒರೆಸಿಕೊಂಡು, ಬಟ್ಟೆ ಸುತ್ತಿದ್ದ ಕೈಯನ್ನು ಅವನ ಮುಂದೆ ಹಿಡಿದಳು.

"ಏನೂ ಆಗ್ಬಾರ್ದು ಅಂತ ತಾನೆ ಹಾಕ್ತಿದ್ದದ್ದು?"

ರೈತ ಊರಿಗೆ ಬಂದು ಷೆಡ್ಡಿನಲ್ಲಿ ಉಳಿದಿದ್ದ ಹೊಟ್ಟನ್ನೆಲ್ಲ ಗುಡಿಸಿ ಸುಟ್ಟ. ಸುಣ್ಣ ಬಳಿದು, ಬಾಗಿಲು ತೆರೆದು, ಬಿಸಿಲಿಗೆ ಬಿಟ್ಟ. ಅರ್ಧ ಷೆಡ್ಡನ್ನೇ ಕಿತ್ತು ಹಾಕಿದ. ಸಾಕಿದಷ್ಟನ್ನು ಧಾರಾಳ ಜಾಗ ಕೊಟ್ಟು ಸಾಕಿದ. ಇನ್ನೂ ಬಾರದ ಕಾಯಿಲೆಯನ್ನು ತಡೆಯಲು ಲಸಿಕೆ ಹಾಕಿಸಿದ, ಹೊಟ್ಟು ಕೆದಕಿದ, ಬಂದವರ ಕಾಲನ್ನು ಸುಣ್ಣದ ನೀರಿನಲ್ಲಿ ಅದ್ದಿಸಿದ. ಬಂದ ಕಾಯಿಲೆಗೆ ಮಾತ್ರ ದನದ ಡಾಕ್ಟರನ್ನು ಕರೆಸಿದ. ಅವರು ನೋಡಿ ಮದ್ದು ಬೇಕೆಂದರೆ ಹೇಳಿದಷ್ಟನ್ನೂ ಹೇಳಿದಷ್ಟು ದಿನವೂ ಕೊಟ್ಟ, ನಡುವೆ ಬಿಡಲಿಲ್ಲ. ಬೇಡವೆಂದರೆ ಮುಟ್ಟಲಿಲ್ಲ. ಮಧ್ಯಾಹ್ನದ ನಿದ್ದೆ ಹೋಯಿತು, ಹೊಟ್ಟೆ ಇಳಿಯಿತು. ಸಂಜೆ ಗಂಡ ಹೆಂಡತಿ ಷೆಡ್ಡಿನ ಮುಂದೆ ಕೂತು, ಕೋಳಿಗಳು ರೆಕ್ಕೆ ಬಿಚ್ಚಿ ಮೈಮುರಿಯುವುದನ್ನು ನೋಡುತ್ತಾ ಕಡಲೆಕಾಯಿ ತಿನ್ನುತ್ತಿದ್ದರು. ಷೆಡ್ಡು ಗಿಡ್ಡವಾದ ಮೇಲೆ ಹುಂಜದ ಕೂಗು ಆ ತುದಿಗೆ ಬೆಳಗಿನಲ್ಲೇ ಮುಟ್ಟುತ್ತಿತ್ತು.

ಉಸ್ತಾದರು ಎಣ್ಣೆಯ ಬಟ್ಟಲನ್ನು ಪಕ್ಕಕ್ಕೆ ಸರಿಸಿದರು. ಪುಟ್ಟಮಾದ ಸಮಾಧಾನದಿಂದ ಉಸಿರುಬಿಟ್ಟ. ಆ ಹೆಂಗಸು ಬದುಕಿದ್ದು ಅವನಿಗೆ ನಿಜವಾಗಿಯೂ ಸಂತೋಷ ಕೊಟ್ಟಿತ್ತು. ಆದರೆ ಡಬ್ಬಿ ಇನ್ನೂ ತೊಡೆಯ ಮೇಲಿತ್ತು. ಮರಿಗಳು ಬೆಳಿಗ್ಗೆ ಬರುವುದಿತ್ತು.

"ಕತೆ ಸರಿ ಉಸ್ತಾದ್ರೇ. ಅವನದು ಅಷ್ಟುದ್ದದ ಷೆಡ್ಡು, ವರ್ಷವಿಡೀ ಹಾಕಿದ. ನಂದೇನು, ಪುಟ್ಟ ಷೆಡ್ಡು. ದಿನಕ್ಕೆ ಒಂದೇ ಒಂದು ಚಿಟಿಕೆ. ಅಷ್ಟರಿಂದ ಏನಾಗ್ಬುಟ್ಟೀತು?"

ಉಸ್ತಾದರು ಗೋಡೆಯ ಮೇಲಿನ ಬೆಳ್ಳಿ ಗದೆಯ ಕಡೆ ನೋಡಿದರು.

"ಬೀಗರಿಗೂ ಬಾಗಿಲು ತೆಗೀದೆ ಮುಚ್ಚಿಟ್ಟ ಆ ಪಟ್ಟನ್ನ, ನಿನ್ನ ಎದುರಾಳಿಗೆ ದಿನಕ್ಕೊಂದು ಚಿಟಿಕೆ ತೋರಿಸ್ತಾ ಬಂದಿದ್ರೆ, ಆ ಗದೆ ಇವತ್ತು ಯಾರ ಗೋಡೆ ಮೇಲಿರ್ತಿತ್ತೋ ಮಾದ?"

ಪುಟ್ಟಮಾದ ಗದೆಯನ್ನು ನೋಡಿದ. ತೊಡೆಯ ಮೇಲಿದ್ದ ಡಬ್ಬಿಯನ್ನು ಎತ್ತಿ ಜಗಲಿಯ ಮೂಲೆಗೆ ಸರಿಸಿದ.