ಅರಸನೂ ಕಾಯಬೇಕಾದದ್ದು

"ಕೇಳಿರಿ, ಮಣಿತೀರದ ಮಹಾಜನರೇ! ಧರ್ಮಾಧಿಕಾರಿಗಳು ಸ್ವರ್ಗಸ್ಥರಾಗಿ ನ್ಯಾಯಪೀಠ ಬರಿದಾಗಿದೆ. ಹಿರಿಯ ಅರಸರು ಬಿಟ್ಟುಹೋದ ಮೂರು ಒಗಟುಗಳನ್ನು ಬಿಡಿಸಿದವನಿಗೆ ಆ ಪೀಠ ಸಲ್ಲುವುದು. ತಪ್ಪಿದವನ ತಲೆ ಉಳಿಯದು!"

ಕುಮುದವರ್ಮ ಮಹಾರಾಜನ ಈ ಡಂಗುರ ಮೊಳಗಿದಾಗ ಬಣ್ಣಗಾರರ ಕೇರಿಯ ಬೊಪ್ಪನು ಸೆರೆಮನೆಯ ಬಾಗಿಲಲ್ಲಿ ಅಕ್ಕ ಚಂದವ್ವನಿಗೆ ಬುತ್ತಿ ಕೊಡುತ್ತಿದ್ದನು. ಮಾಸದ ಬಣ್ಣವೆಂದು ನಂಬಿಸಿ ಮಾಸುವ ಸೀರೆಗಳನ್ನು ಮಾರಿದಳೆಂದು ಸಾಮಿಸೆಟ್ಟಿಯೆಂಬ ವರ್ತಕ ದೂರಿತ್ತಿದ್ದನು. ಅರಸನು ಅವಳನ್ನು ಕರೆಸದೆಯೇ ಗಡೀಪಾರಿನ ತೀರ್ಪು ನೀಡಿದ್ದನು.

"ಬೇಡ ಕಣೋ ತಮ್ಮಾ, ನಿನ್ನ ತಲೆಯೂ ಹೋದರೆ ನನಗೆ ಬುತ್ತಿ ತರುವವರು ಯಾರು?"

"ನೀನು ಗಡಿ ದಾಟಿದ ಮೇಲೆ ಬುತ್ತಿ ಯಾರಿಗೆ ತರಲಿ ಅಕ್ಕಾ?" ಎಂದು ಬೊಪ್ಪನು ಸಭೆಗೆ ನಡೆದನು.

ಉತ್ತರಗಳನ್ನು ಬಲ್ಲವನು ವೃದ್ಧಮಂತ್ರಿ ಕೇಶವಾರ್ಯನೊಬ್ಬನೇ. ಅವನು ಕೇಳಿದನು: "ಹುಟ್ಟಿದ ದಿನದಿಂದಲ್ಲದೆ ಕಣ್ಣಿಗೆ ಬಿದ್ದ ದಿನದಿಂದ ವಯಸ್ಸು ಎಣಿಸುವುದು ಯಾವುದಕ್ಕೆ? ನಾಲ್ಕು ಕಾಲೂ ನೆಟ್ಟಗಿದ್ದರೆ ಮಾತ್ರ ನ್ಯಾಯಸಭೆಯೊಳಗೆ ಬರಬಲ್ಲದ್ದು ಯಾವುದು? ಅರಸನೂ ಯಾವುದಕ್ಕಾಗಿ ಕಾದು ಕೂರಬೇಕು?"

"ಬಿದಿಗೆಯ ಚಂದ್ರ, ಪಟ್ಟದ ಕುದುರೆ, ಶುಭಮುಹೂರ್ತ!" ಎಂದನು ತರ್ಕಪಂಡಿತನೊಬ್ಬನು. ಮಂತ್ರಿ ಅಲ್ಲವೆಂದು ತಲೆಯಾಡಿಸಿದನು, ಭಟರು ಪಂಡಿತನನ್ನು ಕರೆದೊಯ್ದರು.

"ಹೂತಿಟ್ಟ ನಿಧಿ, ಆನೆ. ಇನ್ನು ಅರಸನು ಯಾವುದಕ್ಕೂ ಕಾಯಬೇಕಿಲ್ಲ!" ಎಂದನು ದಂಡನಾಯಕನ ಮಗ. ಅರಸನು ನಸುನಕ್ಕನು. ಮಂತ್ರಿ ನಗಲಿಲ್ಲ. ಭಟರು ಆ ಯುವಕನನ್ನೂ ಕರೆದೊಯ್ದರು.

ಬೊಪ್ಪನು ಮುಂದೆ ಬಂದನು. "ಕೈ ತೊಳೆದು ಬರಬಾರದಿತ್ತೇನೋ?" ಎಂದು ಆಸ್ಥಾನಿಕನೊಬ್ಬ ಹಂಗಿಸಿದನು.

"ತೊಳೆದೇ ಬಂದೆ ಸ್ವಾಮಿ, ನೀಲಿ ಹೋಗುವಂಥದಲ್ಲ" ಎಂದು ಬೊಪ್ಪನು ಅರಸನತ್ತ ತಿರುಗಿದನು. "ಒಡೆಯಾ, ಮೊದಲನೆಯದು ವಂಚನೆ. ಅದು ಅಡಗಿಯೇ ಬೆಳೆಯುವುದರಿಂದ, ಮೋಸಹೋದವನು ಅದನ್ನು ಕಂಡುಕೊಂಡ ದಿನದಿಂದಲೇ ದೂರಿನ ಗಡುವು ಎಣಿಸುವುದು. ಎರಡನೆಯದು ವಂಚನೆಯ ದೂರು. ಯಾರು, ಎಂದು, ಎಲ್ಲಿ, ಯಾವ ಮಾತಿನಿಂದ ನಂಬಿಸಿದರೆಂಬ ನಾಲ್ಕನ್ನೂ ಹೇಳದ ದೂರು ಹೊಸ್ತಿಲು ದಾಟಬಾರದು. ಮೂರನೆಯದು..." ಅವನು ಸೆರೆಮನೆಯ ದಿಕ್ಕಿಗೊಮ್ಮೆ ನೋಡಿದನು. "ಆರೋಪ ಹೊತ್ತವರ ಎದುರುಮಾತು. ಅದನ್ನು ಕೇಳುವ ಮೊದಲು ಅರಸನೂ ತೀರ್ಪು ಕೊಡಲಾಗದು."

"ಮೂರೂ ಸರಿ" ಎಂದನು ಮಂತ್ರಿ.

"ಯಾರು ಕಲಿಸಿದರು?" ಎಂದನು ಅರಸ.

"ನನ್ನಜ್ಜ ಹಿರಿಯ ಅರಸರ ಸಭೆಯಲ್ಲಿ ಕೂಗುವ ಚಾಕರಿಯಲ್ಲಿದ್ದ. ಮುಪ್ಪಿನಲ್ಲಿ ಬಣ್ಣದ ಬಾನಿಯ ಬಳಿ ಕುಳಿತು ಆ ದಿನಗಳ ನ್ಯಾಯದ ಕಟ್ಟಳೆಗಳನ್ನೇ ಹೇಳುತ್ತಿದ್ದ. 'ಎದುರುಮಾತಿನವರು ಬನ್ನಿ' ಎಂದು ಅವನು ಕೂಗಿದ ಮೇಲೆ, ಅವರು ಬರುವವರೆಗೆ ಹಿರಿಯ ಅರಸರು ತಾಂಬೂಲವನ್ನೂ ಮುಟ್ಟುತ್ತಿರಲಿಲ್ಲವಂತೆ."

ಅರಸನ ಕಣ್ಣು ತೇವಗೊಂಡಿತು. "ಆ ಕೂಗು ನನಗೂ ನೆನಪಿದೆ. ತಂದೆಯ ಮಡಿಲಲ್ಲಿ ಕುಳಿತು ಕೇಳುತ್ತಿದ್ದೆ. ಎಂಥ ನಿಧಾನದ ಕಾಲವಪ್ಪಾ ಅದು! ಅವಸರದಲ್ಲಿ ನಾನೇ ಅದನ್ನು ನಿಲ್ಲಿಸಿದೆ. ನಿನ್ನಕ್ಕನನ್ನು ಈಗಲೇ ಬಿಡಿಸುತ್ತೇನೆ."

"ಬೇಡ ಒಡೆಯಾ. ಹಾಗಾದರೆ ಅದು ಸೆಟ್ಟರ ಮಾತು ಕೇಳದ ತೀರ್ಪಾದೀತು. ಇಬ್ಬರನ್ನೂ ಕರೆಸಿ. ಅಕ್ಕನ ವ್ಯಾಜ್ಯಕ್ಕೆ ತಮ್ಮನಾದ ನಾನು ಕೂರಬಾರದು, ತಾವೇ ವಿಚಾರಿಸಿ."

ಇಬ್ಬರೂ ಬಂದರು. "ಸೆಟ್ಟಿ, ಇವಳು ನಿನಗೆ ಏನೆಂದು ಹೇಳಿ ನಂಬಿಸಿದಳು?" ಎಂದು ಅರಸನು ಕೇಳಿದನು.

ಸೆಟ್ಟಿ ತಡವರಿಸಿದನು. "ಇವಳನ್ನು ನಾನು ನೋಡಿದ್ದೇ ಇಂದು ಮಹಾಸ್ವಾಮಿ. ಮಾಸದ ಬಣ್ಣವೆಂದು ಹೇಳಿದವನು ನನ್ನ ದಲ್ಲಾಳಿ."

"ಆ ದಲ್ಲಾಳಿಗೆ ನಾನು ಹೇಳಿದ್ದು, ಇದು ಅರಿಸಿನದ ಬಣ್ಣ, ಬಿಸಿಲಿಗೆ ಹರವಬೇಡಿ ಅಂತ" ಎಂದಳು ಚಂದವ್ವ. "ನನ್ನನ್ನು ಕರೆಸಿ ಕೇಳಿದ್ದರೆ ಅಂದೇ ಹೇಳುತ್ತಿದ್ದೆ."

ಸೆಟ್ಟಿ ತಲೆತಗ್ಗಿಸಿ ತನ್ನ ದೂರನ್ನು ಹಿಂದಕ್ಕೆ ಪಡೆದನು. ಚಂದವ್ವನ ಸಂಕೋಲೆ ಕಳಚಿತು. ಅರಸನು ಕ್ಷಮಿಸಿದ್ದರಿಂದ ಸೋತವರಿಬ್ಬರ ತಲೆಯೂ ಉಳಿಯಿತು. ಅರಸನು ಬೊಪ್ಪನ ಕೈಹಿಡಿದು ನ್ಯಾಯಪೀಠದಲ್ಲಿ ಕುಳ್ಳಿರಿಸಿ, ಕೋಪದಿಂದ ಭಟರತ್ತ ತಿರುಗಿದನು: "ಆ ದಲ್ಲಾಳಿಯನ್ನು ಗಡಿಯಾಚೆಗೆ..."

ಮಾತು ಅಲ್ಲಿಗೇ ನಿಂತಿತು. ಅರಸನು ಮೆಲ್ಲನೆ ತನ್ನ ಆಸನಕ್ಕೆ ಮರಳಿ ಕುಳಿತನು.

"ಕರೆತನ್ನಿರಿ" ಎಂದನು. "ಕಾಯುತ್ತೇವೆ."